ಸಿಂಗಲ್‌ಟನ್ ಒಳಗೆ ಸಿಕ್ಕಿಕೊಂಡ ಡಿಬಿಕಾಂಟೆಕ್ಸ್ಟ್: ಡೇಟಾಬೇಸ್‌ನಲ್ಲಿ ಹೊಸ ಬೆಲೆ, ಪರದೆ ಮೇಲೆ ಹಳೇ ಬೆಲೆ

ಸೆಮಿಕೋಲನ್_ಸಾಮಿ (ಪ್ರಶ್ನೆ)

ನಮಸ್ಕಾರ. ವಾಹನಗಳ ಬಿಡಿಭಾಗಕ್ಕೆ ಆರ್ಡರ್ ತಗೊಳ್ಳೋ ವೆಬ್ ಅಪ್ಲಿಕೇಶನ್ ಇದು. ಎಎಸ್‌ಪಿ ಡಾಟ್‌ನೆಟ್ ಕೋರ್ 8, ಎಂಟಿಟಿ ಫ್ರೇಮ್‌ವರ್ಕ್ ಕೋರ್ 8 (ಇಎಫ್: ಟೇಬಲ್ ಸಾಲುಗಳನ್ನ ಆಬ್ಜೆಕ್ಟ್ ಆಗಿ ಓದಿ ಬರೆಯೋ ಲೈಬ್ರರಿ), ಹಿಂದೆ ಎಸ್‌ಕ್ಯೂಎಲ್ ಸರ್ವರ್. ಡಿಪೆಂಡೆನ್ಸಿ ಇಂಜೆಕ್ಷನ್‌ಗೆ (ಕ್ಲಾಸ್‌ಗೆ ಬೇಕಾದ ಆಬ್ಜೆಕ್ಟ್‌ಗಳನ್ನ ಹೊರಗಿಂದ ಕೊಡೋದು) ಡಾಟ್‌ನೆಟ್ ಜೊತೆ ಬರೋ ಕಂಟೇನರ್ ಮಾತ್ರ, ಹೊರಗಿನದ್ದು ಯಾವುದೂ ಇಲ್ಲ. ಜೋಡಣೆ ಹೀಗಿದೆ:

- ಶಾಪ್‌ಕಾಂಟೆಕ್ಸ್ಟ್: ನಮ್ಮ ಡಿಬಿಕಾಂಟೆಕ್ಸ್ಟ್, ಅಂದರೆ ಡೇಟಾಬೇಸ್ ಜೊತೆ ಮಾತಾಡೋ ಇಎಫ್ ಆಬ್ಜೆಕ್ಟ್. ಆಡ್‌ಡಿಬಿಕಾಂಟೆಕ್ಸ್ಟ್ ಮೂಲಕ ನೋಂದಣಿ. ಲೈಫ್‌ಟೈಮ್ (ಆಬ್ಜೆಕ್ಟ್ ಎಷ್ಟು ಕಾಲ ಬದುಕುತ್ತೆ ಅನ್ನೋದು) ಬೇರೆ ಕೊಟ್ಟಿಲ್ಲ, ಹಾಗಾಗಿ ಸ್ಕೋಪ್ಡ್ (ರಿಕ್ವೆಸ್ಟ್‌ಗೊಂದು).
- ಆರ್ಡರ್‌ಸರ್ವಿಸ್, ಆರ್ಡರ್‌ರೆಪೊಸಿಟರಿ, ಸ್ಟಾಕ್‌ರೆಪೊಸಿಟರಿ: ಮೂರೂ ಸ್ಕೋಪ್ಡ್.
- ಪ್ರೈಸ್‌ಕ್ಯಾಶ್: ಸಿಂಗಲ್‌ಟನ್ (ಇಡೀ ಅಪ್ಲಿಕೇಶನ್‌ಗೆ ಒಂದೇ). ಕನ್‌ಸ್ಟ್ರಕ್ಟರ್‌ನಲ್ಲೇ ಶಾಪ್‌ಕಾಂಟೆಕ್ಸ್ಟ್ ತಗೊಳ್ಳುತ್ತೆ.
- ಸ್ಟಾಕ್‌ಸಿಂಕ್: ಬ್ಯಾಕ್‌ಗ್ರೌಂಡ್‌ಸರ್ವಿಸ್ (ಹಿನ್ನೆಲೆಯಲ್ಲಿ ಓಡೋ ಹೋಸ್ಟೆಡ್ ಸರ್ವಿಸ್). 30 ಸೆಕೆಂಡಿಗೊಮ್ಮೆ ಸರಬರಾಜುದಾರರ ಫೀಡ್ ಓದಿ ಸ್ಟಾಕ್ ಬರೆಯುತ್ತೆ. ಇದರ ಕನ್‌ಸ್ಟ್ರಕ್ಟರ್‌ನಲ್ಲೂ ಶಾಪ್‌ಕಾಂಟೆಕ್ಸ್ಟ್ ಇದೆ.

ಸರ್ವರ್‌ನಲ್ಲಿ ಕಾಣ್ತಿರೋದು ಇಷ್ಟು. ಬೆಲೆ ಬದಲಾದ ಮೇಲೂ ಪುಟದಲ್ಲಿ ಹಳೇ ಬೆಲೆಯೇ ಬರುತ್ತೆ, ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ. ವಿಚಿತ್ರ ಅಂದರೆ ಲಾಗ್‌ನಲ್ಲಿ ಕ್ವೆರಿ ಡೇಟಾಬೇಸ್‌ಗೆ ಹೋಗಿರೋದು ಕಾಣುತ್ತೆ, ಅದೇ ಕ್ವೆರಿಯನ್ನ ಕೈಯಲ್ಲಿ ಓಡಿಸಿದರೆ ಹೊಸ ಬೆಲೆ ಬರುತ್ತೆ. ಲೋಡ್ ಜಾಸ್ತಿ ಇದ್ದಾಗ "ಎ ಸೆಕೆಂಡ್ ಆಪರೇಶನ್ ವಾಸ್ ಸ್ಟಾರ್ಟೆಡ್ ಆನ್ ದಿಸ್ ಕಾಂಟೆಕ್ಸ್ಟ್ ಇನ್‌ಸ್ಟನ್ಸ್" (ಒಂದೇ ಕಾಂಟೆಕ್ಸ್ಟ್‌ನಲ್ಲಿ ಮೊದಲ ಕೆಲಸ ಮುಗಿಯೋ ಮೊದಲೇ ಎರಡನೆಯದು ಶುರುವಾಯ್ತು) ಅನ್ನೋ ಎಕ್ಸೆಪ್ಶನ್ ಬೀಳುತ್ತೆ. ಮೆಮೊರಿ ಏರುತ್ತಲೇ ಹೋಗುತ್ತೆ, ಇಳಿಯಲ್ಲ. ಇನ್ನೊಂದು: ಫೀಡ್‌ನಲ್ಲಿ ಒಂದು ಕೆಟ್ಟ ಸಾಲು ಬಂದರೆ ಸಾಕು, ಆಮೇಲೆ ಬರೋ ಎಲ್ಲಾ ಸೇವ್‌ಚೇಂಜಸ್ (ಬದಲಾವಣೆಗಳನ್ನ ಡೇಟಾಬೇಸ್‌ಗೆ ಬರೆಯೋ ಕರೆ) ಅದೇ ಎರರ್ ಕೊಡ್ತಾ ಹೋಗುತ್ತೆ.

ವಿಷುವಲ್ ಸ್ಟುಡಿಯೋದಲ್ಲಿ ಓಡಿಸಿದರೆ ಅಪ್ಲಿಕೇಶನ್ ಏಳೋದೇ ಇಲ್ಲ, ಸ್ಕೋಪ್ಡ್ ಸರ್ವಿಸನ್ನ ಸಿಂಗಲ್‌ಟನ್ ಬಳಸೋಹಾಗಿಲ್ಲ ಅನ್ನುತ್ತೆ. ಡಾಕರ್‌ನಲ್ಲಿ ಅದೇ ಕೋಡ್ ಸಲೀಸಾಗಿ ಏಳುತ್ತೆ.

ಪ್ರಶ್ನೆ: ಕಾಂಟೆಕ್ಸ್ಟನ್ನ ಟ್ರಾನ್ಸಿಯೆಂಟ್ (ಕೇಳಿದಾಗಲೆಲ್ಲ ಹೊಸದು) ಮಾಡಿದರೆ ಸಾಕಾ? ಫ್ಯಾಕ್ಟರಿ (ಬೇಕಾದಾಗ ಕಾಂಟೆಕ್ಸ್ಟ್ ಮಾಡಿಕೊಡೋದು) ಬೇಕಾ? ಆಡ್‌ಡಿಬಿಕಾಂಟೆಕ್ಸ್ಟ್‌ಪೂಲ್ ಹಾಕಿದರೆ ಮೆಮೊರಿ ಸಮಸ್ಯೆ ಹೋಗುತ್ತಾ?

---

ಮಲ್ನಾಡ್_ಮ್ಯೂಟೆಕ್ಸ್

ನಾಲ್ಕು ರೋಗಲಕ್ಷಣ, ಕಾಯಿಲೆ ಒಂದೇ. ಸಿಂಗಲ್‌ಟನ್ ಒಂದು ಸ್ಕೋಪ್ಡ್ ಸರ್ವಿಸನ್ನು ಕೇಳಿದರೆ ಕಂಟೇನರ್ ಅದನ್ನು ರೂಟ್ ಸ್ಕೋಪ್‌ನಲ್ಲಿ ಸೃಷ್ಟಿಸುತ್ತದೆ. ರೂಟ್ ಸ್ಕೋಪ್ ಮುಚ್ಚುವುದು ಅಪ್ಲಿಕೇಶನ್ ನಿಂತಾಗ. ಅಲ್ಲಿಯವರೆಗೆ ಆ ಕಾಂಟೆಕ್ಸ್ಟ್ ಬದುಕಿರುತ್ತದೆ. ನಿಮ್ಮ ಪ್ರೈಸ್‌ಕ್ಯಾಶ್ ಮತ್ತು ಸ್ಟಾಕ್‌ಸಿಂಕ್ ಎರಡೂ ಸಿಂಗಲ್‌ಟನ್ (ಆಡ್‌ಹೋಸ್ಟೆಡ್‌ಸರ್ವಿಸ್ ಯಾವಾಗಲೂ ಸಿಂಗಲ್‌ಟನ್ ಆಗಿಯೇ ನೋಂದಾಯಿಸುತ್ತದೆ), ಹಾಗಾಗಿ ಅವೆರಡಕ್ಕೂ ಸಿಕ್ಕಿರುವುದು ಒಂದೇ ಶಾಪ್‌ಕಾಂಟೆಕ್ಸ್ಟ್. ಬೆಲೆ ಕೇಳುವ ಪ್ರತಿ ವೆಬ್ ರಿಕ್ವೆಸ್ಟ್ ಮತ್ತು 30 ಸೆಕೆಂಡಿಗೊಮ್ಮೆ ಏಳುವ ಸಿಂಕ್, ಎಲ್ಲವೂ ಆ ಒಂದನ್ನೇ ಎಳೆದಾಡುತ್ತಿವೆ.

ಇನ್ನು ಒಂದೊಂದಾಗಿ.

ಹಳೇ ಬೆಲೆ: ಡಿಬಿಕಾಂಟೆಕ್ಸ್ಟ್ ಪ್ರತಿ ಪ್ರೈಮರಿ ಕೀಗೆ ಒಂದೇ ಆಬ್ಜೆಕ್ಟ್ ಇಟ್ಟುಕೊಳ್ಳುತ್ತದೆ. ಟ್ರ್ಯಾಕಿಂಗ್ ಕ್ವೆರಿ (ಓದಿದ ಆಬ್ಜೆಕ್ಟ್‌ಗಳ ಮೇಲೆ ಕಣ್ಣಿಡುವ ಮಾಮೂಲಿ ಕ್ವೆರಿ) ಡೇಟಾಬೇಸ್‌ಗೆ ಹೋಗುತ್ತದೆ, ಸಾಲುಗಳು ವಾಪಸ್ ಬರುತ್ತವೆ, ಕೀ ನೋಡುತ್ತದೆ. ಆ ಕೀ ಇರುವ ಆಬ್ಜೆಕ್ಟ್ ಆಗಲೇ ಟ್ರ್ಯಾಕ್ ಆಗುತ್ತಿದ್ದರೆ ಅದನ್ನೇ ಕೈಗೆ ಕೊಡುತ್ತದೆ, ಬಂದ ಸಾಲಿನ ಹೊಸ ಮೌಲ್ಯಗಳನ್ನು ಅದರ ಮೇಲೆ ಬರೆಯುವುದಿಲ್ಲ. ನೀವು ಎಡಿಟ್ ಮಾಡುತ್ತಿರುವ ಆಬ್ಜೆಕ್ಟನ್ನು ಇನ್ನೊಂದು ಕ್ವೆರಿ ತಿದ್ದಿಬಿಡಬಾರದು ಎಂಬ ಉದ್ದೇಶ ಅದರದು, ಒಂದು ರಿಕ್ವೆಸ್ಟ್‌ನ ಅಳತೆಯಲ್ಲಿ ಸರಿಯಾದ ನಡವಳಿಕೆಯೇ. ಅದಕ್ಕೇ ಲಾಗ್‌ನಲ್ಲಿ ಕ್ವೆರಿ ಕಂಡರೂ ಪರದೆಯಲ್ಲಿ ಹಳೇ ಬೆಲೆ. ಫೈಂಡ್ ಬಳಸಿದ್ದರೆ ಡೇಟಾಬೇಸ್‌ಗೂ ಹೋಗುತ್ತಿರಲಿಲ್ಲ.

ಎರಡನೇ ಆಪರೇಶನ್ ಎರರ್: ಡಿಬಿಕಾಂಟೆಕ್ಸ್ಟ್ ಥ್ರೆಡ್‌ಸೇಫ್ ಅಲ್ಲ, ಅಂದರೆ ಒಂದೇ ಹೊತ್ತಿಗೆ ಎರಡು ಕಡೆಯಿಂದ ಬಳಸುವಂತಿಲ್ಲ. ಆ ಎಕ್ಸೆಪ್ಶನ್ ಬಿದ್ದಿದ್ದು ನಿಮ್ಮ ಅದೃಷ್ಟ, ಏಕೆಂದರೆ ಎಲ್ಲಾ ಘರ್ಷಣೆಯನ್ನೂ ಇಎಫ್ ಪತ್ತೆ ಮಾಡಲಾರದು. ಇದನ್ನು ನಿಲ್ಲಿಸಲು ಎನೇಬಲ್‌ಥ್ರೆಡ್‌ಸೇಫ್ಟಿಚೆಕ್ಸ್ ಆಫ್ ಮಾಡಿ ಎಂಬ ಸಲಹೆ ಎಲ್ಲಾದರೂ ಕಂಡರೆ ಮುಟ್ಟಬೇಡಿ. ಅದು ತಪಾಸಣೆಯನ್ನಷ್ಟೇ ತೆಗೆಯುತ್ತದೆ, ತಪ್ಪನ್ನಲ್ಲ.

ಮೆಮೊರಿ: ಟ್ರ್ಯಾಕ್ ಆದ ಪ್ರತಿ ಎಂಟಿಟಿ (ಟೇಬಲ್ ಸಾಲಿನ ಆಬ್ಜೆಕ್ಟ್) ಮತ್ತು ಅದರ ಮೂಲ ಮೌಲ್ಯಗಳ ನಕಲು ಚೇಂಜ್‌ಟ್ರ್ಯಾಕರ್‌ನಲ್ಲಿ ಕೂತಿರುತ್ತದೆ. ಸೇವ್‌ಚೇಂಜಸ್ ಕರೆದಾಗಲೆಲ್ಲ ಡಿಟೆಕ್ಟ್‌ಚೇಂಜಸ್ ಅಷ್ಟನ್ನೂ ಜಾಲಾಡುತ್ತದೆ, ಆದ್ದರಿಂದ ನಿಧಾನವೂ ಆಗುತ್ತದೆ. ಖಚಿತ ಮಾಡಿಕೊಳ್ಳಲು ಸ್ಟಾಕ್‌ಸಿಂಕ್‌ನ ಪ್ರತಿ ಸುತ್ತಿನ ಕೊನೆಗೆ ಚೇಂಜ್‌ಟ್ರ್ಯಾಕರ್‌ನ ಎಂಟ್ರೀಸ್ ಎಣಿಸಿ ಲಾಗ್ ಮಾಡಿ. ಸುತ್ತಿನಿಂದ ಸುತ್ತಿಗೆ ಸಂಖ್ಯೆ ಏರುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಕೆಟ್ಟ ಸಾಲು: ಸೇವ್‌ಚೇಂಜಸ್ ವಿಫಲವಾದರೆ ಆ ಎಂಟಿಟಿ ಆಡೆಡ್ ಅಥವಾ ಮಾಡಿಫೈಡ್ ಸ್ಥಿತಿಯಲ್ಲೇ ಉಳಿಯುತ್ತದೆ. ಮುಂದಿನ ಸೇವ್‌ಚೇಂಜಸ್ ಅದನ್ನೂ ಸೇರಿಸಿ ಮತ್ತೆ ಕಳಿಸುತ್ತದೆ, ಮತ್ತೆ ಬೀಳುತ್ತದೆ. ಇಎಫ್ ಕೋರ್ 5ರಿಂದ ಚೇಂಜ್‌ಟ್ರ್ಯಾಕರ್ ಕ್ಲಿಯರ್ ಇದೆ, ಆದರೆ ಇಲ್ಲಿ ಅದು ಗಾಯದ ಮೇಲೆ ಪಟ್ಟಿ ಅಷ್ಟೇ.

ವಿಷುವಲ್ ಸ್ಟುಡಿಯೋ ಮತ್ತು ಡಾಕರ್ ವ್ಯತ್ಯಾಸ: ಇಂಥ ತಪ್ಪು ಹಿಡಿಯುವ ತಪಾಸಣೆಗಳಾದ ವ್ಯಾಲಿಡೇಟ್‌ಸ್ಕೋಪ್ಸ್ ಮತ್ತು ವ್ಯಾಲಿಡೇಟ್‌ಆನ್‌ಬಿಲ್ಡ್ ಎರಡೂ ಡೀಫಾಲ್ಟ್ ಆಗಿ ಆನ್ ಆಗುವುದು ಎನ್ವಿರಾನ್‌ಮೆಂಟ್ ಹೆಸರು ಡೆವಲಪ್‌ಮೆಂಟ್ ಆಗಿದ್ದಾಗ ಮಾತ್ರ. ಡಾಕರ್‌ನಲ್ಲಿ ಆ ವೇರಿಯಬಲ್ ಕೊಡದಿದ್ದರೆ ಅದು ಪ್ರೊಡಕ್ಷನ್ ಎಂದೇ ಲೆಕ್ಕ. ಪ್ರೋಗ್ರಾಂ ಫೈಲ್‌ನಲ್ಲಿ ಬಿಲ್ಡರ್‌ನ ಹೋಸ್ಟ್ ಮೇಲೆ ಯೂಸ್‌ಡೀಫಾಲ್ಟ್‌ಸರ್ವಿಸ್‌ಪ್ರೊವೈಡರ್ ಕರೆದು ಎರಡನ್ನೂ ಟ್ರೂ ಮಾಡಿ, ಎಲ್ಲಾ ಕಡೆ ಒಂದೇ ಕಟ್ಟುನಿಟ್ಟು ಬರುತ್ತದೆ. ಒಂದು ಮಿತಿ ಮಾತ್ರ ತಿಳಿದಿರಲಿ: ವ್ಯಾಲಿಡೇಟ್‌ಆನ್‌ಬಿಲ್ಡ್ ಲ್ಯಾಂಬ್ಡಾ ಕೊಟ್ಟು ನೋಂದಾಯಿಸಿದ ಸರ್ವಿಸ್‌ಗಳ ಒಳಗೆ ಇಣುಕಲಾರದು, ಓಪನ್ ಜೆನೆರಿಕ್‌ಗಳನ್ನೂ ನೋಡುವುದಿಲ್ಲ. ಕಂಟ್ರೋಲರ್‌ಗಳು ಡೀಫಾಲ್ಟ್ ಆಗಿ ಕಂಟೇನರ್‌ನಲ್ಲೇ ಇರುವುದಿಲ್ಲ, ಆಡ್‌ಕಂಟ್ರೋಲರ್ಸ್‌ಆಸ್‌ಸರ್ವಿಸಸ್ ಕರೆದರೆ ಅವೂ ತಪಾಸಣೆಗೆ ಬರುತ್ತವೆ.

ಟ್ರಾನ್ಸಿಯೆಂಟ್ ಬೇಡ. ಮೊದಲನೆಯದು, ಸಿಂಗಲ್‌ಟನ್ ಒಮ್ಮೆ ಹಿಡಿದ ಟ್ರಾನ್ಸಿಯೆಂಟ್ ಕೂಡ ಸಿಂಗಲ್‌ಟನ್‌ನಷ್ಟೇ ಕಾಲ ಬದುಕುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಆರ್ಡರ್‌ರೆಪೊಸಿಟರಿಗೆ ಒಂದು ಕಾಂಟೆಕ್ಸ್ಟ್, ಸ್ಟಾಕ್‌ರೆಪೊಸಿಟರಿಗೆ ಇನ್ನೊಂದು ಸಿಗುತ್ತದೆ. ಆರ್ಡರ್ ಸೇವ್ ಆಗುತ್ತದೆ, ಸ್ಟಾಕ್ ಕಡಿಮೆಯಾಗುವುದಿಲ್ಲ, ಎಕ್ಸೆಪ್ಶನ್ ಕೂಡ ಬರುವುದಿಲ್ಲ. ಈಗ ಎರಡೂ ಒಂದೇ ಸ್ಕೋಪ್‌ನ ಕಾಂಟೆಕ್ಸ್ಟ್ ಹಂಚಿಕೊಳ್ಳುವುದರಿಂದಲೇ ಒಂದು ಸೇವ್‌ಚೇಂಜಸ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುತ್ತಿದೆ.

ಜೊತೆಗೆ ಒಂದು ಬಲೆ ಇದೆ. ಆಡ್‌ಡಿಬಿಕಾಂಟೆಕ್ಸ್ಟ್‌ಗೆ ಎರಡು ಲೈಫ್‌ಟೈಮ್ ಪ್ಯಾರಾಮೀಟರ್ ಇವೆ, ಒಂದು ಕಾಂಟೆಕ್ಸ್ಟ್‌ಗೆ, ಇನ್ನೊಂದು ಅದರ ಆಪ್ಷನ್ಸ್‌ಗೆ. ಕಾಂಟೆಕ್ಸ್ಟನ್ನು ಟ್ರಾನ್ಸಿಯೆಂಟ್ ಮಾಡಿದರೂ ಆಪ್ಷನ್ಸ್ ಸ್ಕೋಪ್ಡ್ ಆಗಿಯೇ ಉಳಿಯುತ್ತದೆ, ಎರರ್ ಈಗ ಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್ ಹೆಸರಲ್ಲಿ ಬರುತ್ತದೆ. ಅದನ್ನೂ ಸಿಂಗಲ್‌ಟನ್ ಮಾಡಿದರೆ ಎರರ್ ಮಾಯ, ರೋಗ ಹಾಗೇ. ಕಂಟೇನರ್ ಬಾಯಿ ಮುಚ್ಚಿಸಿದಂತೆ ಆಯಿತು ಅಷ್ಟೇ.

---

ಬೈಟು_ಕಾಫಿ

ಮೇಲಿನವರು ಕಾರಣ ಹೇಳಿದ್ದಾರೆ, ನಾನು ರಿಪೇರಿ ಹೇಳ್ತೀನಿ.

ಸ್ಟಾಕ್‌ಸಿಂಕ್. ಕನ್‌ಸ್ಟ್ರಕ್ಟರ್‌ನಿಂದ ಶಾಪ್‌ಕಾಂಟೆಕ್ಸ್ಟ್ ತೆಗೆದು ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿ ಹಾಕಿ. ಅದು ಸಿಂಗಲ್‌ಟನ್ನೇ, ತಕರಾರಿಲ್ಲ. ಎಕ್ಸಿಕ್ಯೂಟ್‌ಅಸಿಂಕ್ ಒಳಗೆ:

1. 30 ಸೆಕೆಂಡಿನ ಪೀರಿಯಾಡಿಕ್‌ಟೈಮರ್ ಮಾಡಿ. ಹಳೇ ಟೈಮರ್ ಕ್ಲಾಸ್ ಬೇಡ. ಅದರ ಕಾಲ್‌ಬ್ಯಾಕ್ ಮುಗಿಯೋದರೊಳಗೆ ಮುಂದಿನದು ಶುರುವಾಗಬಹುದು, ಪೀರಿಯಾಡಿಕ್‌ಟೈಮರ್‌ನಲ್ಲಿ ಸುತ್ತುಗಳು ಒಂದರ ಮೇಲೊಂದು ಬೀಳಲ್ಲ.
2. ವೈಟ್‌ಫಾರ್‌ನೆಕ್ಸ್ಟ್‌ಟಿಕ್‌ಅಸಿಂಕ್‌ಗೆ ಸ್ಟಾಪಿಂಗ್‌ಟೋಕನ್ ಕೊಟ್ಟು ವೈಲ್ ಲೂಪ್.
3. ಲೂಪಿನ ಒಳಗೆ ಕ್ರಿಯೇಟ್‌ಅಸಿಂಕ್‌ಸ್ಕೋಪ್, ಅವೈಟ್ ಯೂಸಿಂಗ್ ಜೊತೆ. ಲೂಪಿನ ಹೊರಗೆ ಹಾಕಿದರೆ ಮತ್ತೆ ಅದೇ ಹಳೇ ಕಥೆ, ಎರರ್ ಮಾತ್ರ ಬರಲ್ಲ.
4. ಆ ಸ್ಕೋಪಿನ ಸರ್ವಿಸ್‌ಪ್ರೊವೈಡರ್‌ನಿಂದ ಗೆಟ್‌ರಿಕ್ವೈರ್ಡ್‌ಸರ್ವಿಸ್ ಮೂಲಕ ಸರ್ವಿಸ್ ತಗೊಳ್ಳಿ. ಕಾಂಟೆಕ್ಸ್ಟನ್ನೇ ನೇರ ತಗೊಳ್ಳೋದಕ್ಕಿಂತ ಸ್ಟಾಕ್‌ಅಪ್‌ಡೇಟರ್ ಅಂತ ಒಂದು ಸ್ಕೋಪ್ಡ್ ಕ್ಲಾಸ್ ಮಾಡಿ, ಅದು ಮಾಮೂಲಿ ಕನ್‌ಸ್ಟ್ರಕ್ಟರ್‌ನಲ್ಲೇ ಕಾಂಟೆಕ್ಸ್ಟ್ ಪಡೆಯಲಿ. ಹೋಸ್ಟೆಡ್ ಸರ್ವಿಸ್‌ನಲ್ಲಿ ಗಡಿಯಾರದ ಕೆಲಸ ಬಿಟ್ಟು ಬೇರೇನೂ ಇರಬಾರದು. ಟೆಸ್ಟ್ ಬರೆಯೋಕೂ ಆಗ ಸುಲಭ.
5. ಟ್ರೈ-ಕ್ಯಾಚ್ ಕೂಡ ಲೂಪಿನ ಒಳಗೇ. ಡಾಟ್‌ನೆಟ್ 6ರಿಂದ ಬ್ಯಾಕ್‌ಗ್ರೌಂಡ್‌ಸರ್ವಿಸ್‌ನಲ್ಲಿ ಹಿಡಿಯದೆ ಬಿಟ್ಟ ಎಕ್ಸೆಪ್ಶನ್ ಇಡೀ ಹೋಸ್ಟನ್ನೇ ನಿಲ್ಲಿಸುತ್ತೆ. ಒಂದು ಕೆಟ್ಟ ಫೀಡ್‌ಗೆ ವೆಬ್‌ಸೈಟ್ ಮಲಗೋದು ಬೇಡ. ಸ್ಟಾಪಿಂಗ್‌ಟೋಕನ್‌ನಿಂದ ಬಂದ ಆಪರೇಶನ್‌ಕ್ಯಾನ್ಸಲ್ಡ್ ಎಕ್ಸೆಪ್ಶನನ್ನ ಎರರ್ ಅಂತ ಲಾಗ್ ಮಾಡ್ಬೇಡಿ, ಅದು ಮಾಮೂಲಿ ನಿಲುಗಡೆ.

ಕ್ರಿಯೇಟ್‌ಸ್ಕೋಪ್ ಇರೋವಾಗ ಕ್ರಿಯೇಟ್‌ಅಸಿಂಕ್‌ಸ್ಕೋಪ್ ಯಾಕೆ? ಸ್ಕೋಪ್‌ನಲ್ಲಿ ಐಅಸಿಂಕ್‌ಡಿಸ್ಪೋಸಬಲ್ ಮಾತ್ರ ಇರೋ ಸರ್ವಿಸ್ ಒಂದು ಸೇರಿಕೊಂಡಿದ್ದರೆ ಸಿಂಕ್ ಡಿಸ್ಪೋಸ್ ಇನ್‌ವ್ಯಾಲಿಡ್‌ಆಪರೇಶನ್ ಎಸೆಯುತ್ತೆ. ಡಿಬಿಕಾಂಟೆಕ್ಸ್ಟ್‌ನಲ್ಲಿ ಎರಡೂ ಇದೆ, ನಾಳೆ ಯಾರೋ ಸೇರಿಸೋ ಸರ್ವಿಸ್‌ನಲ್ಲಿ ಇರುತ್ತೆ ಅಂತ ಹೇಳೋಕಾಗಲ್ಲ.

ಫೀಡ್ ದೊಡ್ಡದಿದ್ದರೆ 500 ಸಾಲಿಗೊಂದು ಸ್ಕೋಪ್ ಮಾಡಿ. ಕೆಟ್ಟ ಸಾಲು ತನ್ನ 500ರ ಗುಂಪನ್ನ ಮಾತ್ರ ಕೆಡಿಸುತ್ತೆ. ಆ ಗುಂಪನ್ನ ಹೊಸ ಸ್ಕೋಪ್‌ನಲ್ಲಿ ಒಂದೊಂದೇ ಸಾಲಾಗಿ ಮತ್ತೆ ಓಡಿಸಿದರೆ ಯಾವ ಸಾಲು ಅಂತ ಗೊತ್ತಾಗುತ್ತೆ. ಸ್ಟಾಕ್ ಸಂಖ್ಯೆ ಬರೆಯೋದಷ್ಟೇ ಕೆಲಸ ಆದರೆ ಎಂಟಿಟಿ ಲೋಡ್ ಮಾಡೋ ಅಗತ್ಯವೇ ಇಲ್ಲ, ಎಕ್ಸಿಕ್ಯೂಟ್‌ಅಪ್‌ಡೇಟ್‌ಅಸಿಂಕ್ ನೇರ ಅಪ್‌ಡೇಟ್ ಕಳಿಸುತ್ತೆ, ಚೇಂಜ್‌ಟ್ರ್ಯಾಕರ್ ಹತ್ತಿರವೂ ಸುಳಿಯಲ್ಲ.

ಪ್ರೈಸ್‌ಕ್ಯಾಶ್. ಇದು ಸಿಂಗಲ್‌ಟನ್ ಆಗಿಯೇ ಇರಲಿ, ಆದರೆ ಐಡಿಬಿಕಾಂಟೆಕ್ಸ್ಟ್‌ಫ್ಯಾಕ್ಟರಿ ತಗೊಳ್ಳಲಿ. ಮೆಥಡ್ ಒಳಗೆ ಅವೈಟ್ ಯೂಸಿಂಗ್ ಹಾಕಿ ಕ್ರಿಯೇಟ್‌ಡಿಬಿಕಾಂಟೆಕ್ಸ್ಟ್‌ಅಸಿಂಕ್. ಫ್ಯಾಕ್ಟರಿ ಕೊಟ್ಟಿದ್ದನ್ನ ಕಂಟೇನರ್ ಡಿಸ್ಪೋಸ್ ಮಾಡಲ್ಲ, ಆ ಜವಾಬ್ದಾರಿ ನಿಮ್ಮದು. ಕ್ಯಾಶ್‌ನಲ್ಲಿ ಎಂಟಿಟಿ ಇಡ್ಬೇಡಿ. ಸೆಲೆಕ್ಟ್ ಹಾಕಿ ಪಾರ್ಟ್ ನಂಬರ್, ಬೆಲೆ, ತೆರಿಗೆ ದರ ಇಷ್ಟಿರೋ ಒಂದು ರೆಕಾರ್ಡ್ ಮಾಡಿ ಅದನ್ನ ಇಡಿ. ಎಂಟಿಟಿ ಇಟ್ಟು ಲೇಝಿ ಲೋಡಿಂಗ್ ಪ್ರಾಕ್ಸಿ ಕೂಡ ಆನ್ ಇದ್ದರೆ, ಪ್ರಾಕ್ಸಿ ಸತ್ತುಹೋದ ಕಾಂಟೆಕ್ಸ್ಟನ್ನ ಹಿಡ್ಕೊಂಡಿರುತ್ತೆ, ನ್ಯಾವಿಗೇಶನ್ ಪ್ರಾಪರ್ಟಿ ಮುಟ್ಟಿದ ತಕ್ಷಣ ಬೀಳುತ್ತೆ.

---

ನಲ್_ನಂಜುಂಡಿ

ಎಲ್ಲಾ ಕ್ವೆರಿಗೂ ಆಸ್‌ನೋಟ್ರ್ಯಾಕಿಂಗ್ (ಟ್ರ್ಯಾಕ್ ಮಾಡಬೇಡ ಅನ್ನೋದು) ಹಾಕಿಬಿಟ್ಟರೆ ಹಳೇ ಬೆಲೆ ಸಮಸ್ಯೆ ಒಂದೇ ಸಾಲಿನಲ್ಲಿ ಮುಗೀತಲ್ಲ? ಇಷ್ಟೆಲ್ಲಾ ಸ್ಕೋಪ್ ಯಾಕೆ?

---

ಮಲ್ನಾಡ್_ಮ್ಯೂಟೆಕ್ಸ್

ಹಳೇ ಬೆಲೆ ಹೋಗುತ್ತದೆ, ಓದುವ ಕ್ವೆರಿಗಳಿಂದ ಮೆಮೊರಿ ಏರುವುದೂ ನಿಲ್ಲುತ್ತದೆ. ಆದರೆ ಎರಡು ಥ್ರೆಡ್ ಒಂದೇ ಕಾಂಟೆಕ್ಸ್ಟ್ ಮುಟ್ಟುವುದು ಹಾಗೇ ಉಳಿಯುತ್ತದೆ. ಕಣ್ಣಿಗೆ ಕಾಣುವ ಲಕ್ಷಣ ಹೋಗಿ ಲೋಡ್ ಬಂದಾಗ ಮಾತ್ರ ಕಾಣುವುದು ಉಳಿದರೆ ಹುಡುಕುವುದು ಇನ್ನೂ ಕಷ್ಟ. ಓದುವ ಪುಟಗಳಿಗೆ ಆಸ್‌ನೋಟ್ರ್ಯಾಕಿಂಗ್ ಒಳ್ಳೆಯದೇ, ಖಂಡಿತ ಹಾಕಿ, ಲೈಫ್‌ಟೈಮ್ ಸರಿಪಡಿಸಿದ ಮೇಲೆ.

---

ಸೆಮಿಕೋಲನ್_ಸಾಮಿ

ಇಬ್ಬರಿಗೂ ಧನ್ಯವಾದ. ಸ್ಟಾಕ್‌ಸಿಂಕ್ ಬದಲಾಯಿಸಿದೆ, ಎಂಟ್ರೀಸ್ ಸಂಖ್ಯೆ ಈಗ ಪ್ರತಿ ಸುತ್ತಿನಲ್ಲೂ ಸೊನ್ನೆಯಿಂದ ಶುರುವಾಗ್ತಿದೆ. ಆದರೆ ಆಡ್‌ಡಿಬಿಕಾಂಟೆಕ್ಸ್ಟ್ ಕೆಳಗೆ ಆಡ್‌ಡಿಬಿಕಾಂಟೆಕ್ಸ್ಟ್‌ಫ್ಯಾಕ್ಟರಿ ಸೇರಿಸಿದ ಕೂಡಲೇ ಹೊಸ ಎರರ್: ಸಿಂಗಲ್‌ಟನ್ ಐಡಿಬಿಕಾಂಟೆಕ್ಸ್ಟ್‌ಫ್ಯಾಕ್ಟರಿಗೆ ಸ್ಕೋಪ್ಡ್ ಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್ ಸಿಗಲ್ಲ ಅಂತ. ಮತ್ತೆ ಡ್ಯಾಶ್‌ಬೋರ್ಡ್ ಪುಟದಲ್ಲಿ ಟಾಸ್ಕ್ ವೆನ್‌ಆಲ್ ಹಾಕಿ ಮೂರು ಕ್ವೆರಿ ಒಟ್ಟಿಗೆ ಓಡಿಸೋ ಕಡೆ "ಸೆಕೆಂಡ್ ಆಪರೇಶನ್" ಇನ್ನೂ ಬರ್ತಿದೆ. ಅಲ್ಲಿ ಯಾವ ಸಿಂಗಲ್‌ಟನ್ನೂ ಇಲ್ಲ.

---

ಬೈಟು_ಕಾಫಿ

ಫ್ಯಾಕ್ಟರಿ ಎರರ್‌ಗೆ ಕಾರಣ ನೋಂದಣಿಯ ಕ್ರಮ. ಆಪ್ಷನ್ಸ್ ಮೊದಲು ಯಾರು ನೋಂದಾಯಿಸ್ತಾರೋ ಅವರದ್ದೇ ನಿಲ್ಲುತ್ತೆ, ಎರಡನೆಯವರು ಇದೆ ಅಂತ ನೋಡಿ ಸುಮ್ಮನಾಗ್ತಾರೆ. ನಿಮ್ಮಲ್ಲಿ ಆಡ್‌ಡಿಬಿಕಾಂಟೆಕ್ಸ್ಟ್ ಮೊದಲು ಬಂದು ಆಪ್ಷನ್ಸ್ ಸ್ಕೋಪ್ಡ್ ಆಗಿದೆ, ಫ್ಯಾಕ್ಟರಿ ಸಿಂಗಲ್‌ಟನ್. ಆಡ್‌ಡಿಬಿಕಾಂಟೆಕ್ಸ್ಟ್ ಸಾಲನ್ನೇ ಅಳಿಸಿ. ಇಎಫ್ ಕೋರ್ 6ರಿಂದ ಆಡ್‌ಡಿಬಿಕಾಂಟೆಕ್ಸ್ಟ್‌ಫ್ಯಾಕ್ಟರಿ ಒಂದೇ ಸಾಕು, ಅದು ಕಾಂಟೆಕ್ಸ್ಟನ್ನ ಸ್ಕೋಪ್ಡ್ ಆಗಿಯೂ ನೋಂದಾಯಿಸುತ್ತೆ. ಆರ್ಡರ್‌ಸರ್ವಿಸ್ ಕೋಡ್‌ನಲ್ಲಿ ಒಂದು ಅಕ್ಷರವೂ ಬದಲಾಗಲ್ಲ.

ಇದರ ಬೆಲೆ ಒಂದಿದೆ. ಆಪ್ಷನ್ಸ್ ಈಗ ಸಿಂಗಲ್‌ಟನ್, ಹಾಗಾಗಿ ಆಪ್ಷನ್ಸ್ ಲ್ಯಾಂಬ್ಡಾಗೆ ಬರೋ ಸರ್ವಿಸ್‌ಪ್ರೊವೈಡರ್ ರೂಟ್ ಪ್ರೊವೈಡರ್. ಅಲ್ಲಿ ಸ್ಕೋಪ್ಡ್ ಆದ ಕರೆಂಟ್‌ಯೂಸರ್ ತೆಗೆದು ಆಡಿಟ್ ಇಂಟರ್‌ಸೆಪ್ಟರ್‌ಗೆ (ಯಾರು ಸೇವ್ ಮಾಡಿದರು ಅಂತ ಬರೆಯೋ ಕೋಡ್) ಕೊಡ್ತಿದ್ದರೆ ಅದು ಮುರಿಯುತ್ತೆ. ಇಂಟರ್‌ಸೆಪ್ಟರ್ ಐಎಚ್‌ಟಿಟಿಪಿಕಾಂಟೆಕ್ಸ್ಟ್‌ಆಕ್ಸೆಸರ್ ತಗೊಂಡು ಸೇವ್ ಆಗೋ ಹೊತ್ತಿನಲ್ಲಿ ಯೂಸರ್ ಓದಲಿ. ಹಿನ್ನೆಲೆ ಕೆಲಸದಲ್ಲಿ ಎಚ್‌ಟಿಟಿಪಿಕಾಂಟೆಕ್ಸ್ಟ್ ನಲ್ ಇರುತ್ತೆ, ಅಲ್ಲಿಗೆ "ಸಿಸ್ಟಮ್" ಅಂತ ಒಂದು ಹೆಸರು ಇಟ್ಕೊಳ್ಳಿ. ಅಥವಾ ಫ್ಯಾಕ್ಟರಿಯ ಲೈಫ್‌ಟೈಮನ್ನೇ ಸ್ಕೋಪ್ಡ್ ಮಾಡಬಹುದು, ಆದರೆ ಆಗ ಪ್ರೈಸ್‌ಕ್ಯಾಶ್‌ಗೆ ಅದು ಸಿಗಲ್ಲ, ನೀವು ಮತ್ತೆ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿಗೆ ವಾಪಸ್.

ವೆನ್‌ಆಲ್ ವಿಚಾರ: ಒಂದು ರಿಕ್ವೆಸ್ಟ್‌ಗೆ ಒಂದು ಕಾಂಟೆಕ್ಸ್ಟ್, ಒಂದು ಕಾಂಟೆಕ್ಸ್ಟ್‌ಗೆ ಒಂದು ಹೊತ್ತಿನಲ್ಲಿ ಒಂದೇ ಕ್ವೆರಿ. ಮೂರನ್ನೂ ಸಾಲಾಗಿ ಅವೈಟ್ ಮಾಡಿ ಸಮಯ ಅಳೆಯಿರಿ. ಪ್ರತಿಯೊಂದೂ ಕೆಲವೇ ಮಿಲಿಸೆಕೆಂಡ್ ಆದರೆ ಅಲ್ಲಿಗೇ ಬಿಡಿ. ನಿಜಕ್ಕೂ ಒಟ್ಟಿಗೆ ಓಡಲೇಬೇಕಾದರೆ ಫ್ಯಾಕ್ಟರಿಯಿಂದ ಕ್ವೆರಿಗೊಂದು ಕಾಂಟೆಕ್ಸ್ಟ್ ಮಾಡಿ. ಆಗ ಒಂದು ಪುಟ ಮೂರು ಕನೆಕ್ಷನ್ ತಿನ್ನುತ್ತೆ ಅನ್ನೋದು ಲೆಕ್ಕದಲ್ಲಿರಲಿ. ಎಸ್‌ಕ್ಯೂಎಲ್‌ಕ್ಲೈಂಟ್‌ನ ಕನೆಕ್ಷನ್ ಪೂಲ್ ಮಿತಿ ಡೀಫಾಲ್ಟ್ ಆಗಿ 100.

ಅಪ್ಲಿಕೇಶನ್‌ನಲ್ಲಿ ಎಲ್ಲಾದರೂ ಅವೈಟ್ ಬಿಟ್ಟುಹೋಗಿದೆಯಾ ಅಂತಲೂ ನೋಡಿ. ಸೇವ್‌ಚೇಂಜಸ್‌ಅಸಿಂಕ್ ಮುಂದೆ ಅವೈಟ್ ಇಲ್ಲದಿದ್ದರೂ ಇದೇ ಎರರ್. ಸಿಎಸ್4014 ವಾರ್ನಿಂಗ್ ಅನ್ನು ಎರರ್ ಆಗಿ ಬದಲಿಸಿದರೆ ಅಸಿಂಕ್ ಮೆಥಡ್‌ಗಳ ಒಳಗಿನದ್ದನ್ನ ಕಂಪೈಲರ್ರೇ ಹಿಡಿದುಕೊಡುತ್ತೆ.

---

ಕರಾವಳಿ_ಕ್ಯೂ

ಪೂಲ್ ಬಗ್ಗೆ ಯಾರೂ ಉತ್ತರಿಸಿಲ್ಲ.

ಆಡ್‌ಡಿಬಿಕಾಂಟೆಕ್ಸ್ಟ್‌ಪೂಲ್ ನಿಮ್ಮ ಮೆಮೊರಿ ಸಮಸ್ಯೆಗೆ ಮದ್ದಲ್ಲ. ಅದು ಡೇಟಾಬೇಸ್ ಕನೆಕ್ಷನ್‌ಗಳ ಪೂಲ್ ಅಲ್ಲ, ಕಾಂಟೆಕ್ಸ್ಟ್ ಆಬ್ಜೆಕ್ಟ್‌ಗಳ ಪೂಲ್. ಪ್ರತಿ ರಿಕ್ವೆಸ್ಟ್‌ಗೂ ಕಾಂಟೆಕ್ಸ್ಟ್ ಹುಟ್ಟಿಸಿ ಬಿಸಾಡುವ ಬದಲು ತೊಳೆದು ಮತ್ತೆ ಬಳಸುತ್ತದೆ. ಇಎಫ್ ಕೋರ್ 6ರಿಂದ ಡೀಫಾಲ್ಟ್ ಗಾತ್ರ 1024. ಲಾಭ ಕಾಣುವುದು ಸೆಕೆಂಡಿಗೆ ಬಹಳ ರಿಕ್ವೆಸ್ಟ್, ಒಂದೊಂದೂ ಪುಟ್ಟ ಕ್ವೆರಿ ಎಂಬಂಥ ಕಡೆ. ಆರ್ಡರ್ ಫಾರ್ಮ್ ಇರುವ ಅಪ್ಲಿಕೇಶನ್‌ಗೆ ಅಳೆದು ನೋಡದೆ ಹಾಕುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಕಿದರೆ ಎಡವುವ ಜಾಗ ಗೊತ್ತಿರಲಿ. ಇಎಫ್ ತೊಳೆಯುವುದು ತನಗೆ ಗೊತ್ತಿರುವುದನ್ನು ಮಾತ್ರ: ಚೇಂಜ್‌ಟ್ರ್ಯಾಕರ್ ಇತ್ಯಾದಿ. ನೀವು ಕಾಂಟೆಕ್ಸ್ಟ್ ಕ್ಲಾಸ್‌ಗೆ ಸೇರಿಸಿದ ಟೆನೆಂಟ್‌ಐಡಿ (ಯಾವ ಡೀಲರ್ ಎಂಬ ಗುರುತು) ಫೀಲ್ಡ್ ಅದಕ್ಕೆ ಗೊತ್ತಿಲ್ಲ. ಒಬ್ಬ ಡೀಲರ್‌ನ ರಿಕ್ವೆಸ್ಟ್‌ನಲ್ಲಿ ಇಟ್ಟ ಐಡಿ ಇನ್ನೊಬ್ಬ ಡೀಲರ್‌ಗೆ ಹೋದ ಕಾಂಟೆಕ್ಸ್ಟ್‌ನಲ್ಲೂ ಕೂತಿರುತ್ತದೆ. ಒಬ್ಬರ ಆರ್ಡರ್ ಇನ್ನೊಬ್ಬರಿಗೆ ಕಾಣುವುದಕ್ಕಿಂತ ಕೆಟ್ಟ ಬಗ್ ಬೇರೆ ಬೇಕೇ. ಪೂಲ್ ಜೊತೆ ಕಾಂಟೆಕ್ಸ್ಟ್‌ನ ಕನ್‌ಸ್ಟ್ರಕ್ಟರ್‌ಗೆ ಸ್ಕೋಪ್ಡ್ ಸರ್ವಿಸ್ ಇಂಜೆಕ್ಟ್ ಮಾಡುವಂತೆಯೂ ಇಲ್ಲ.

ಪೂಲೂ ಬೇಕು, ಟೆನೆಂಟೂ ಬೇಕು ಎಂದರೆ ದಾರಿ ಹೀಗೆ: ಆಡ್‌ಪೂಲ್ಡ್‌ಡಿಬಿಕಾಂಟೆಕ್ಸ್ಟ್‌ಫ್ಯಾಕ್ಟರಿ ಹಾಕಿ. ಅದರ ಮೇಲೆ ನಿಮ್ಮದೇ ಒಂದು ಸ್ಕೋಪ್ಡ್ ಫ್ಯಾಕ್ಟರಿ ಕ್ಲಾಸ್ ಬರೆಯಿರಿ. ಅದು ಪೂಲ್‌ನಿಂದ ಕಾಂಟೆಕ್ಸ್ಟ್ ತೆಗೆದು ಟೆನೆಂಟ್‌ಐಡಿ ತುಂಬಿ ಕೊಡಲಿ. ಕೊನೆಗೆ ಶಾಪ್‌ಕಾಂಟೆಕ್ಸ್ಟನ್ನು ಆಡ್‌ಸ್ಕೋಪ್ಡ್ ಮೂಲಕ ಆ ಫ್ಯಾಕ್ಟರಿಯನ್ನು ಕರೆಯುವ ಲ್ಯಾಂಬ್ಡಾ ಆಗಿ ನೋಂದಾಯಿಸಿ. ಪ್ರತಿ ಸಲ ತುಂಬುವುದರಿಂದ ಹಳೆಯದು ಉಳಿಯುವುದಿಲ್ಲ.

ಪೂಲ್ ಇರಲಿ ಬಿಡಲಿ, ಗ್ಲೋಬಲ್ ಕ್ವೆರಿ ಫಿಲ್ಟರ್ (ಎಲ್ಲಾ ಕ್ವೆರಿಗೂ ತಾನಾಗಿ ಸೇರುವ ಷರತ್ತು) ಬರೆಯುವಾಗ ಇನ್ನೊಂದು ಎಚ್ಚರ. ಆನ್‌ಮಾಡೆಲ್‌ಕ್ರಿಯೇಟಿಂಗ್ ಕಾಂಟೆಕ್ಸ್ಟ್ ಟೈಪಿಗೆ ಒಮ್ಮೆ ಓಡಿ ಮಾಡೆಲ್ ಕ್ಯಾಶ್ ಆಗುತ್ತದೆ. ಫಿಲ್ಟರ್ ಕಾಂಟೆಕ್ಸ್ಟ್‌ನ ಸ್ವಂತ ಫೀಲ್ಡನ್ನೇ ನೋಡಬೇಕು. ಟೆನೆಂಟ್‌ಐಡಿಯನ್ನು ಲೋಕಲ್ ವೇರಿಯಬಲ್‌ಗೆ ಹಾಕಿ ಫಿಲ್ಟರ್‌ನಲ್ಲಿ ಬಳಸಿದರೆ ಮೊದಲು ಬಂದ ಡೀಲರ್‌ನ ಐಡಿಯೇ ಎಲ್ಲರಿಗೂ ಅಂಟಿಕೊಳ್ಳುತ್ತದೆ.

---

ಹಳೇ_ಜಾವಾ

ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ಕಡೆಯಿಂದ ಬಂದವರು ಇಲ್ಲೇ ಎಡವೋದು. ಅಲ್ಲಿ ಸರ್ವಿಸ್ ಬೀನ್‌ಗಳು ಡೀಫಾಲ್ಟ್ ಆಗಿ ಸಿಂಗಲ್‌ಟನ್, ಆದರೂ ಎಂಟಿಟಿಮ್ಯಾನೇಜರ್ (ಡಿಬಿಕಾಂಟೆಕ್ಸ್ಟ್ ಥರದ್ದು) ಇಂಜೆಕ್ಟ್ ಮಾಡಿದರೆ ಏನೂ ಆಗಲ್ಲ. ಕಾರಣ, ಸ್ಪ್ರಿಂಗ್ ಕೊಡೋದು ನಿಜವಾದ ಎಂಟಿಟಿಮ್ಯಾನೇಜರ್ ಅಲ್ಲ, ಒಂದು ಪ್ರಾಕ್ಸಿ. ಪ್ರತಿ ಕರೆಯಲ್ಲೂ ಅದು ಆ ಥ್ರೆಡ್‌ನ ಟ್ರಾನ್ಸಾಕ್ಷನ್‌ಗೆ ಕಟ್ಟಿದ ನಿಜವಾದದ್ದನ್ನ ಹುಡುಕುತ್ತೆ. ಡಾಟ್‌ನೆಟ್ ಕಂಟೇನರ್ ಕೊಡೋದು ನೇರ ಆಬ್ಜೆಕ್ಟ್, ನಡುವೆ ಯಾರೂ ಇಲ್ಲ.

ಹಾಗಂತ ಸ್ಪ್ರಿಂಗ್‌ನಲ್ಲಿ ಎಲ್ಲಾ ಸುಖ ಅಂತಲ್ಲ. ಪ್ರಾಕ್ಸಿ ಥ್ರೆಡ್‌ಗೆ ಕಟ್ಟಿಕೊಂಡಿರೋದರಿಂದ ಅಸಿಂಕ್ ಮೆಥಡ್‌ಗೆ ಟ್ರಾನ್ಸಾಕ್ಷನ್ ದಾಟಲ್ಲ. ಅದೇ ಕ್ಲಾಸ್‌ನ ಒಳಗಿಂದಲೇ ಟ್ರಾನ್ಸಾಕ್ಷನಲ್ ಮೆಥಡ್ ಕರೆದರೆ ಪ್ರಾಕ್ಸಿ ತಪ್ಪಿಹೋಗಿ ಟ್ರಾನ್ಸಾಕ್ಷನ್ನೇ ಶುರುವಾಗಲ್ಲ. ಓಪನ್‌ಇನ್‌ವ್ಯೂ (ರಿಕ್ವೆಸ್ಟ್ ಮುಗಿಯೋವರೆಗೂ ಎಂಟಿಟಿಮ್ಯಾನೇಜರ್ ತೆರೆದಿಡೋದು) ಸ್ಪ್ರಿಂಗ್ ಬೂಟ್‌ನಲ್ಲಿ ಡೀಫಾಲ್ಟ್ ಆಗಿ ಆನ್, ಸ್ಟಾರ್ಟ್ ಆಗುವಾಗ ವಾರ್ನಿಂಗ್ ಕೊಡುತ್ತೆ, ಯಾರೂ ಓದಲ್ಲ. ಅಲ್ಲಿನ ಕನೆಕ್ಷನ್ ಪೂಲ್ ಆದ ಹಿಕಾರಿಯ ಡೀಫಾಲ್ಟ್ 10 ಕನೆಕ್ಷನ್. ನಿಧಾನವಾದ ಹೊರಗಿನ ಎಪಿಐ ಕರೆ ಮುಗಿಯೋವರೆಗೂ ರಿಕ್ವೆಸ್ಟ್ ಕನೆಕ್ಷನ್ ಹಿಡ್ಕೊಂಡು ಕೂತರೆ 10 ಎಷ್ಟು ಹೊತ್ತು ಬರುತ್ತೆ ಲೆಕ್ಕ ಹಾಕಿ.

---

ಸೆಮಿಕೋಲನ್_ಸಾಮಿ

ಫ್ಯಾಕ್ಟರಿ ಕೆಲಸ ಮಾಡ್ತಿದೆ, ವೆನ್‌ಆಲ್ ತೆಗೆದೆ. ಪೂಲ್ ಯೋಚನೆ ಬಿಟ್ಟೆ. ಇನ್ನು ಮೂರು ಉಳಿದಿದೆ. ಡೀಲರ್ ಯಾರು ಅಂತ ಡೇಟಾಬೇಸ್‌ನಿಂದ ಓದೋ ಒಂದು ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್ ಹಾದುಹೋಗೋ ಕೋಡ್) ಇದೆ, ಅದರ ಕನ್‌ಸ್ಟ್ರಕ್ಟರ್‌ನಲ್ಲೂ ಶಾಪ್‌ಕಾಂಟೆಕ್ಸ್ಟ್. ಇಂಟಿಗ್ರೇಶನ್ ಟೆಸ್ಟ್‌ಗಳಲ್ಲಿ ಎಸ್‌ಕ್ಯೂಎಲೈಟ್ ಹಾಕಬೇಕು. ಆರ್ಡರ್ ಆದ ಮೇಲೆ ಇಮೇಲ್ ಕಳಿಸೋದನ್ನ ಕಂಟ್ರೋಲರ್‌ನಲ್ಲಿ ಟಾಸ್ಕ್ ರನ್ ಹಾಕಿ ಬಿಟ್ಟಿದೀವಿ, ಅವೈಟ್ ಇಲ್ಲ. ಅಲ್ಲಿ ಆಗಾಗ ಡಿಸ್ಪೋಸ್ ಆದ ಕಾಂಟೆಕ್ಸ್ಟ್ ಮುಟ್ಟಿದ್ದೀರಿ ಅಂತ ಬರುತ್ತೆ.

---

ಮಲ್ನಾಡ್_ಮ್ಯೂಟೆಕ್ಸ್

ಮಿಡಲ್‌ವೇರ್: ಸಾಮಾನ್ಯ ರೀತಿಯ ಮಿಡಲ್‌ವೇರ್ ಅಪ್ಲಿಕೇಶನ್‌ಗೆ ಒಮ್ಮೆ ಮಾತ್ರ ಸೃಷ್ಟಿಯಾಗುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ನೆಕ್ಸ್ಟ್ ಡೆಲಿಗೇಟ್ ಮತ್ತು ಲಾಗರ್ ಮಾತ್ರ ಇರಲಿ. ಶಾಪ್‌ಕಾಂಟೆಕ್ಸ್ಟನ್ನು ಇನ್‌ವೋಕ್‌ಅಸಿಂಕ್ ಮೆಥಡ್‌ನ ಪ್ಯಾರಾಮೀಟರ್ ಆಗಿ ಎಚ್‌ಟಿಟಿಪಿಕಾಂಟೆಕ್ಸ್ಟ್ ಪಕ್ಕದಲ್ಲಿ ಬರೆಯಿರಿ, ಅದು ಆ ರಿಕ್ವೆಸ್ಟ್‌ನ ಸ್ಕೋಪ್‌ನಿಂದಲೇ ಬರುತ್ತದೆ. ಇದೇ ಜಾತಿಯ ಇನ್ನೊಂದು ಜಾಗ ಎಚ್‌ಟಿಟಿಪಿಕ್ಲೈಂಟ್‌ಫ್ಯಾಕ್ಟರಿಗೆ ಹಾಕುವ ಡೆಲಿಗೇಟಿಂಗ್‌ಹ್ಯಾಂಡ್ಲರ್. ಅದಕ್ಕೆ ರಿಕ್ವೆಸ್ಟ್‌ನದ್ದಲ್ಲದ ತನ್ನದೇ ಸ್ಕೋಪ್ ಇರುತ್ತದೆ, ಹ್ಯಾಂಡ್ಲರ್ ಡೀಫಾಲ್ಟ್ ಆಗಿ 2 ನಿಮಿಷ ಮರುಬಳಕೆಯಾಗುತ್ತದೆ. ಫೀಡ್‌ನ ಟೋಕನನ್ನು ಹ್ಯಾಂಡ್ಲರ್ ಒಳಗೆ ಡೇಟಾಬೇಸ್‌ನಿಂದ ಓದುತ್ತಿದ್ದರೆ ಅಲ್ಲೂ ಫ್ಯಾಕ್ಟರಿ ಬಳಸಿ.

ಟೆಸ್ಟ್: ವೆಬ್‌ಅಪ್ಲಿಕೇಶನ್‌ಫ್ಯಾಕ್ಟರಿಯಲ್ಲಿ ಕಾನ್ಫಿಗರ್‌ಟೆಸ್ಟ್‌ಸರ್ವಿಸಸ್ ಒಳಗೆ ಶಾಪ್‌ಕಾಂಟೆಕ್ಸ್ಟ್‌ನ ಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್ ನೋಂದಣಿ ತೆಗೆದು ಎಸ್‌ಕ್ಯೂಎಲೈಟ್‌ನದ್ದು ಸೇರಿಸಿ. ಇಎಫ್ ಕೋರ್ 9ಕ್ಕೆ ಹೋದ ದಿನ ಇದು ಸಾಲುವುದಿಲ್ಲ: ಎರಡು ಡೇಟಾಬೇಸ್ ಪ್ರೊವೈಡರ್ ನೋಂದಣಿಯಾಗಿವೆ ಎಂದು ಬೀಳುತ್ತದೆ. ಅಲ್ಲಿ ಐಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್‌ಕಾನ್ಫಿಗರೇಶನ್ ನೋಂದಣಿಯನ್ನೂ ತೆಗೆಯಬೇಕು. ಇನ್‌ಮೆಮೊರಿ ಎಸ್‌ಕ್ಯೂಎಲೈಟ್ ಆದರೆ ಕನೆಕ್ಷನ್ ಮುಚ್ಚಿದ ಕ್ಷಣ ಡೇಟಾಬೇಸೇ ಇರುವುದಿಲ್ಲ. ಕನೆಕ್ಷನ್ ಆಬ್ಜೆಕ್ಟನ್ನು ನೀವೇ ತೆರೆದು, ಟೆಸ್ಟ್ ಮುಗಿಯುವವರೆಗೆ ತೆರೆದೇ ಇಟ್ಟು, ಯೂಸ್‌ಎಸ್‌ಕ್ಯೂಎಲೈಟ್‌ಗೆ ಅದನ್ನೇ ಕೊಡಿ. ಟೆಸ್ಟ್‌ನಲ್ಲಿ ಡೇಟಾ ತುಂಬುವ ಸ್ಕೋಪ್ ಬೇರೆ, ಪರೀಕ್ಷಿಸುವ ಸ್ಕೋಪ್ ಬೇರೆ ಇರಲಿ. ಒಂದೇ ಸ್ಕೋಪ್ ಆದರೆ ನೀವು ಇಟ್ಟ ಆಬ್ಜೆಕ್ಟೇ ಟ್ರ್ಯಾಕರ್‌ನಿಂದ ವಾಪಸ್ ಬಂದು, ಡೇಟಾಬೇಸ್‌ಗೆ ಏನೂ ಹೋಗದಿದ್ದರೂ ಟೆಸ್ಟ್ ಪಾಸಾಗುತ್ತದೆ.

---

ಕರಾವಳಿ_ಕ್ಯೂ

ಇಮೇಲ್ ವಿಚಾರ. ರೆಸ್ಪಾನ್ಸ್ ಹೋದ ಕೂಡಲೇ ರಿಕ್ವೆಸ್ಟ್ ಸ್ಕೋಪ್ ಮುಚ್ಚುತ್ತದೆ, ಟಾಸ್ಕ್ ರನ್ ಒಳಗಿನ ಕೋಡ್ ಇನ್ನೂ ಓಡುತ್ತಿರುತ್ತದೆ. ಡೆವಲಪರ್ ಯಂತ್ರದಲ್ಲಿ ಇಮೇಲ್ ಬೇಗ ಹೋಗುವುದರಿಂದ ಗೊತ್ತಾಗುವುದಿಲ್ಲ. ಟಾಸ್ಕ್ ರನ್ ಒಳಗೆ ಹೊಸ ಸ್ಕೋಪ್ ಮಾಡಿದರೆ ಎಕ್ಸೆಪ್ಶನ್ ನಿಲ್ಲುತ್ತದೆ, ಆದರೆ ಡಿಪ್ಲಾಯ್ ಮಾಡುವ ಹೊತ್ತಿಗೆ ಓಡುತ್ತಿದ್ದ ಇಮೇಲ್‌ಗಳು ಕಳೆದೇ ಹೋಗುತ್ತವೆ. ಚಾನೆಲ್‌ನಲ್ಲಿ (ಮೆಮೊರಿಯಲ್ಲಿರುವ ಸರತಿ) ಆರ್ಡರ್ ಐಡಿ ಹಾಕಿ ಹೋಸ್ಟೆಡ್ ಸರ್ವಿಸ್ ಓದುವುದು ಒಂದು ಹಂತ ಮೇಲು, ಪ್ರೊಸೆಸ್ ಸತ್ತರೆ ಅದೂ ಖಾಲಿ.

ಆರ್ಡರ್‌ಗೆ ದುಡ್ಡು ಸೇರಿರುವುದರಿಂದ ಔಟ್‌ಬಾಕ್ಸ್ ಟೇಬಲ್ (ಕಳಿಸಬೇಕಾದ ಇಮೇಲ್‌ಗಳ ಪಟ್ಟಿ) ಮಾಡಿ. ಆರ್ಡರ್ ಸೇರಿಸುವ ಅದೇ ಕಾಂಟೆಕ್ಸ್ಟ್‌ಗೆ ಔಟ್‌ಬಾಕ್ಸ್ ಸಾಲೊಂದನ್ನೂ ಸೇರಿಸಿ, ಸೇವ್‌ಚೇಂಜಸ್ ಒಂದೇ. ರೆಪೊಸಿಟರಿಗಳು ತಮ್ಮೊಳಗೇ ಸೇವ್‌ಚೇಂಜಸ್ ಕರೆಯುತ್ತಿದ್ದರೆ ಅದನ್ನು ಕಿತ್ತು ಆರ್ಡರ್‌ಸರ್ವಿಸ್‌ನ ಕೊನೆಗೆ ತನ್ನಿ. ಇಲ್ಲದಿದ್ದರೆ ಕೈಯಾರೆ ಟ್ರಾನ್ಸಾಕ್ಷನ್ ತೆರೆಯಬೇಕಾಗುತ್ತದೆ, ಎನೇಬಲ್‌ರಿಟ್ರೈಆನ್‌ಫೇಲ್ಯೂರ್ (ವಿಫಲವಾದರೆ ತಾನೇ ಮತ್ತೆ ಪ್ರಯತ್ನಿಸುವ ಸೌಲಭ್ಯ) ಹಾಕಿದ್ದರೆ ಅದು ಕೈಯಾರೆ ತೆರೆದ ಟ್ರಾನ್ಸಾಕ್ಷನನ್ನು ನಿರಾಕರಿಸುತ್ತದೆ, ಆಮೇಲೆ ಎಲ್ಲವನ್ನೂ ಕ್ರಿಯೇಟ್‌ಎಕ್ಸಿಕ್ಯೂಶನ್‌ಸ್ಟ್ರಾಟಜಿ ಒಳಗೆ ಸುತ್ತುವ ಕೆಲಸ.

ಸ್ಟಾಕ್‌ಸಿಂಕ್ ಮಾದರಿಯ ಇನ್ನೊಂದು ಹೋಸ್ಟೆಡ್ ಸರ್ವಿಸ್ 50 ಸಾಲು ಓದಿ, ಕಳಿಸಿ, ಕಳಿಸಿದ ಸಮಯ ಬರೆಯಲಿ. ಅಪ್ಲಿಕೇಶನ್ ಎರಡು ಸರ್ವರ್‌ನಲ್ಲಿ ಓಡುತ್ತಿದ್ದರೆ ಓದುವ ಕ್ವೆರಿಗೆ ಅಪ್‌ಡ್‌ಲಾಕ್ ಮತ್ತು ರೀಡ್‌ಪಾಸ್ಟ್ ಹಿಂಟ್ ಕೊಟ್ಟು ಟ್ರಾನ್ಸಾಕ್ಷನ್ ಒಳಗೇ ಓದಿ. ಒಂದು ಸರ್ವರ್ ಹಿಡಿದ ಸಾಲನ್ನು ಇನ್ನೊಂದು ಕಾಯದೆ ದಾಟಿ ಮುಂದಿನದಕ್ಕೆ ಹೋಗುತ್ತದೆ. ಕಳಿಸಿದ ಮೇಲೆ, ಸಮಯ ಬರೆಯುವ ಮೊದಲು ಪ್ರೊಸೆಸ್ ಸತ್ತರೆ ಅದೇ ಇಮೇಲ್ ಎರಡು ಸಲ ಹೋಗುತ್ತದೆ. ಗಿರಾಕಿಗೆ ಒಂದು ಹೆಚ್ಚು ಇಮೇಲ್ ಹೋದರೆ ನಷ್ಟವಿಲ್ಲ; ಎಸ್‌ಎಂಎಸ್‌ಗೂ ಇದೇ ಟೇಬಲ್ ಬಳಸುವುದಾದರೆ ಔಟ್‌ಬಾಕ್ಸ್ ಐಡಿಯನ್ನು ಗೇಟ್‌ವೇಗೆ ರೆಫರೆನ್ಸ್ ನಂಬರ್ ಆಗಿ ಕಳಿಸಿ, ಎರಡನೆಯದನ್ನು ಅಲ್ಲೇ ತಡೆಯುವ ಸೌಲಭ್ಯ ಆ ಗೇಟ್‌ವೇನಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.